ಎಂಬತ್ತಾರು ಎಲೆಯ ಕಟ್ಟು

ಗೆಲ್ಲುವುದು ಬೇರೆ, ಗೆದ್ದ ಹಾಗೆ ನೆನೆಸಿಕೊಂಡು ಕೂಡುವುದು ಬೇರೆ. ಮೊದಲನೆಯದಕ್ಕೆ ಬುದ್ಧಿ ಬೇಕು, ಎರಡನೆಯದಕ್ಕೆ ಒಂದು ಕಿಟಕಿ ಇದ್ದರೆ ಸಾಕು. ಕಿಟಕಿಯ ವಿಷಯದಲ್ಲಿ ದೇವರು ನನಗೆ ಕಡಿಮೆ ಮಾಡಿಲ್ಲ. ಬಸವಕಲ್ಯಾಣದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ ಸಿಕ್ಕಿದ್ದೇ ಕಿಟಕಿ ಪಕ್ಕದ ಮೇಜು. ಹೊರಗೆ ಒಂದು ಬೇವಿನ ಮರ, ಅದರಾಚೆ ಹಂಚಿನ ಮಾಡುಗಳು, ಅದರಾಚೆ ಬರೀ ಬಿಸಿಲು. ಮಧ್ಯಾಹ್ನ ಊಟ ಮಾಡಿ ಬಂದು ಕಡತ ಬಿಚ್ಚಿಟ್ಟುಕೊಂಡು ಆ ಬಿಸಿಲನ್ನು ನೋಡುತ್ತ ಕೂತರೆ, ಸಂಜೆ ಐದೂವರೆಯೊಳಗೆ ನಾನು ಮೂರು ನಾಲ್ಕು ಸಲ ಗೆದ್ದಿರುತ್ತಿದ್ದೆ. ಏನನ್ನು ಗೆಲ್ಲುತ್ತಿದ್ದೆ ಎಂದು ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳಿಬಿಡುತ್ತೇನೆ. ಮೂವತ್ತೇಳು ವರ್ಷದ, ಮೀಸೆ ಇದ್ದ, ಹಾಜರಿ ಪುಸ್ತಕದಲ್ಲಿ ಸಹಿ ಮಾಡುವ ನಾನು ಮಕ್ಕಳಾಡುವ ಪ್ರಾಣಿಗಳ ಕಾರ್ಡಾಟದಲ್ಲಿ ಗೆಲ್ಲುತ್ತಿದ್ದೆ.

ಈ ಹುಚ್ಚು ಹಿಡಿಸಿದವನು ನನ್ನ ಹೆಂಡತಿಯ ತಮ್ಮ ರೇವಣಸಿದ್ಧ. ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ನೋಟ್‌ಬುಕ್ಕು, ಪೆನ್ನು, ಝೆರಾಕ್ಸಿನ ಅಂಗಡಿ. ಹೈದರಾಬಾದಿಗೆ ಮಾಲು ತರಲು ಹೋದವನು ಒಂದು ಸಲ ಹತ್ತು ಹತ್ತು ಕಾರ್ಡು ತುಂಬಿದ ಬಣ್ಣದ ಪೊಟ್ಟಣಗಳ ಡಬ್ಬಿಯೊಂದನ್ನು ತಂದ. ಮಕ್ಕಳು ಕೊಳ್ಳುತ್ತಾರೆಂದು ತಂದದ್ದು. ಮಕ್ಕಳು ಕ್ರಿಕೆಟ್ಟು ಆಡಲು ಹೋದರು. ಅವನು ಪೊಟ್ಟಣ ಒಡೆದ, ನಿಯಮದ ಚೀಟಿ ಓದಿದ, ಅಂಗಡಿಯ ಹಿಂಭಾಗದಲ್ಲಿ ಒಂದು ಮೇಜು ಹಾಕಿದ. ಭಾನುವಾರ ಮಧ್ಯಾಹ್ನ ಅಲ್ಲಿ ಮೂರು ನಾಲ್ಕು ಮಂದಿ ಕೂಡತೊಡಗಿದರು, ಎಲ್ಲರೂ ನನ್ನ ಹಾಗೇ ಮೀಸೆಯವರು. ಹೆಂಡತಿಯ ತವರಿಗೆ ಜೋಳ ತಲುಪಿಸಲು ಹೋಗಿದ್ದ ನನ್ನನ್ನು ಅವನು, "ದಾಜಿ, ಜರಾ ಕೂಡ್ರಿ, ಒಂದ ಆಟ ಆಡಿ ಹೋಗೀರಂತ," ಎಂದು ಕರೆದ. ಅಕ್ಕನ ಗಂಡನನ್ನು ನಮ್ಮ ಕಡೆ ದಾಜಿ ಎನ್ನುತ್ತಾರೆ, ಆ ಮಾತಿನಲ್ಲಿ ಗೌರವವಿದೆ. ಆ ಗೌರವ ಇಟ್ಟುಕೊಂಡೇ ಅವನು ನನ್ನನ್ನು ಆವತ್ತು ಸೋಲಿಸಿದ. ಮುಂದೆ ಎರಡು ವರ್ಷ, ತಿಂಗಳಿಗೆರಡು ಭಾನುವಾರ, ಅದೇ ಗೌರವದಿಂದ ಸೋಲಿಸುತ್ತಲೇ ಹೋದ.

ಆಟ ಕೇಳಿದರೆ ಸುಲಭ. ಎಲೆಯ ಮೇಲೆ ಒಂದೊಂದು ವಿಚಿತ್ರ ಪ್ರಾಣಿ, ಕೆಳಗೆ ಅದರ ಬಲ. ಇಬ್ಬರೂ ತಮ್ಮ ತಮ್ಮ ಸ್ವಂತ ಕಟ್ಟು ತರಬೇಕು. ಕಲಸಿ, ಐದು ಎಲೆ ಕೈಗೆತ್ತಿಕೊಂಡು, ಸರದಿಗೊಂದರಂತೆ ಮೇಲಿಂದ ಎತ್ತುತ್ತ ಹೋಗಬೇಕು. ಸಣ್ಣ ಪ್ರಾಣಿಯನ್ನು ಹಾಗೇ ಮೇಜಿಗೆ ಇಳಿಸಬಹುದು; ದೊಡ್ಡದು ಬರಬೇಕಾದರೆ ಇಳಿದು ಕೂತಿರುವ ಎರಡು ಸಣ್ಣವು ಎದ್ದು ಜಾಗ ಬಿಡಬೇಕು. ಇಳಿದ ಪ್ರಾಣಿ ಸರದಿಗೊಮ್ಮೆ ತನ್ನ ಬಲದಷ್ಟು ಎದುರಿನವನ ಜೀವ ಕೀಳುತ್ತದೆ; ಹೀಗೆ ಅವನ ಇಪ್ಪತ್ತು ಜೀವ ಮೊದಲು ಮುಗಿಸಿದವನು ಗೆದ್ದ. ಕಟ್ಟಿನಲ್ಲಿ ಒಂದೇ ಎಲೆಯ ಪ್ರತಿ ಮೂರರ ಮೇಲೆ ಇರಕೂಡದು, ಒಟ್ಟು ನಲವತ್ತಕ್ಕಿಂತ ಕಡಿಮೆ ಇರಕೂಡದು, ಹೆಚ್ಚು ಎಷ್ಟಾದರೂ ಇರಲಿ. ಈ "ಎಷ್ಟಾದರೂ ಇರಲಿ" ಎಂಬ ನಿಯಮವೇ ನನ್ನನ್ನು ಕೆಡಿಸಿದ್ದು.

ಯಾಕೆಂದರೆ ನಾನು ಕಲ್ಯಾಣದವನು. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಬಂದವರನ್ನು ಪಂಕ್ತಿಗೆ ಕೂಡಿಸದೆ ಕಳಿಸುವ ಪದ್ಧತಿಯೇ ಇಲ್ಲ. ಯಾರು, ಯಾವ ಊರು, ಏನು ಕೆಲಸ ಎಂದು ಕೇಳುವುದು ಕೈ ತೊಳೆದ ಮೇಲೆ. ನಾನು ಚಿಕ್ಕವನಿದ್ದಾಗ ಮಂಠಾಳದಿಂದ ಒಬ್ಬ ಕಾಕಾ ಎರಡು ದಿನಕ್ಕೆಂದು ಬಂದು ನಮ್ಮ ಪಡಸಾಲೆಯಲ್ಲಿ ಹನ್ನೊಂದು ತಿಂಗಳು ಇದ್ದ. ಅವನು ಯಾರ ಕಡೆಯ ನೆಂಟನೆಂದು ಅಪ್ಪ ಅವ್ವನನ್ನು ಕೇಳಿದ, ಅವ್ವ ಅಪ್ಪನನ್ನು ಕೇಳಿದಳು. ಇಬ್ಬರಿಗೂ ಗೊತ್ತಿರಲಿಲ್ಲ. ಆದರೂ ಹೋಗು ಅನ್ನಲಿಲ್ಲ. ಇಂಥ ಮನೆಯಲ್ಲಿ ಬೆಳೆದವನ ಕೈಗೆ ಕಾರ್ಡು ಬಂದರೆ ಏನಾಗುತ್ತದೆ? ಪೊಟ್ಟಣದಿಂದ ಹೊರಬಿದ್ದ ಪ್ರತಿಯೊಂದು ಪ್ರಾಣಿಯೂ ನನ್ನ ಮನೆಗೆ ಬಂದ ಅತಿಥಿಯೇ. ಬಲವಿಲ್ಲದ ಕಲ್ಲಾಮೆ, ಯಾವುದಕ್ಕೂ ಬಾರದ ಕುಂಟು ಗೂಬೆ, ಮೋಡದ ಮೇಲೆ ಮಲಗಿ ನಿದ್ದೆ ಮಾಡುವುದೊಂದನ್ನೇ ಬಲ್ಲ ಒಂದು ಬೆಳ್ಳಿ ಮೀನು, ಎಲ್ಲವನ್ನೂ ಕಟ್ಟಿಗೆ ಸೇರಿಸಿದೆ. ಬಂದಿದೆ ಪಾಪ, ಒಂದು ಅವಕಾಶ ಸಿಗಲಿ ಎಂದುಕೊಳ್ಳುತ್ತಿದ್ದೆ. ರೇವಣಸಿದ್ಧನ ಕಟ್ಟು ಒಂದು ಕೈಯಲ್ಲಿ ಹಿಡಿಯುವಷ್ಟಿತ್ತು. ನನ್ನದು ಎಂಬತ್ತಾರಕ್ಕೆ ಮುಟ್ಟಿ, ಕಲಸುವಾಗ ಮಡಿಲಲ್ಲಿ ಟವೆಲ್ಲು ಹಾಸಿಕೊಳ್ಳಬೇಕಾಗುತ್ತಿತ್ತು.

ಆ ಎಂಬತ್ತಾರರಲ್ಲಿ ನನ್ನ ಜೀವ ಇದ್ದದ್ದು ಏಳು ಬಾಯಿಯ ಸರ್ಪದ ಮೇಲೆ. ಮೊದಲ ಸರದಿಗೆ ಬೆಂಕಿ ಕುರಿ ಬರಬೇಕು, ಎರಡನೆಯದಕ್ಕೆ ಅದರ ಜೊತೆಗೊಂದು ಗಾಳಿ ಕುದುರೆ, ಮೂರನೆಯದಕ್ಕೆ ಅವೆರಡೂ ಎದ್ದು ಜಾಗ ಬಿಡಬೇಕು, ಸರ್ಪ ಇಳಿಯಬೇಕು. ಬೇವಿನ ಮರದ ಕಡೆ ನೋಡುತ್ತ ಕೂತಾಗ ಅವು ಹಾಗೆಯೇ, ಅದೇ ಕ್ರಮದಲ್ಲಿ, ಒಂದಾದ ಮೇಲೊಂದು ಬರುತ್ತಿದ್ದವು. ಸರ್ಪ ಇಳಿದಾಗ ಮೇಜಿನ ಮೇಲೆ ಹಸಿರು ಬೆಳಕು ಹರಡುತ್ತಿತ್ತು, ಝೆರಾಕ್ಸ್ ಮಷೀನು ತಾನಾಗಿ ನಿಲ್ಲುತ್ತಿತ್ತು, ಬಸ್ ಸ್ಟ್ಯಾಂಡಿನ ಗದ್ದಲವೆಲ್ಲ ಎಲ್ಲೋ ಕೆರೆಯ ಆಚೆ ದಂಡೆಯಿಂದ ಕೇಳಿದ ಹಾಗಾಗುತ್ತಿತ್ತು. ರೇವಣಸಿದ್ಧ ಮಾತ್ರ ಸುಮ್ಮನೆ ಕೂತಿರುತ್ತಿದ್ದ, ಒಂದು ಎಲೆಯನ್ನೂ ಇಳಿಸುತ್ತಿರಲಿಲ್ಲ. ನನ್ನ ಕನಸಿನಲ್ಲಿ ಅವನಷ್ಟು ಒಳ್ಳೆಯ ಮನುಷ್ಯ ಇನ್ನೊಬ್ಬನಿರಲಿಲ್ಲ. ಭಾನುವಾರ ನಿಜವಾದ ರೇವಣಸಿದ್ಧನ ಎದುರು ಕೂತಾಗ ಕೈಗೆ ಬರುತ್ತಿದ್ದದ್ದು ಗೂಬೆ, ಮೀನು, ಆಮೆ, ಮತ್ತೆ ಗೂಬೆಯ ತಮ್ಮನಂಥ ಇನ್ನೊಂದು ಗೂಬೆ.

ಈ ಕನಸಿನಿಂದ ಸಣ್ಣಪುಟ್ಟ ತೊಂದರೆಗಳೂ ಆದವು. ಒಮ್ಮೆ ಬಸ್ಸಿನಲ್ಲಿ ಸರ್ಪ ಇಳಿಸುವುದರಲ್ಲಿದ್ದಾಗ ಕಂಡಕ್ಟರು ಭುಜ ಅಲುಗಾಡಿಸಿ, "ಸಾಹೇಬ್ರ, ಹುಮನಾಬಾದ ಹಿಂದ ಹೋಗಿ ಅರ್ಧಾ ತಾಸ ಆತು. ಇಳಿಯೂದಿತ್ತೇನು?" ಎಂದು ಕೇಳಿದ. ಇನ್ನೊಮ್ಮೆ ಸಿಬ್ಬಂದಿಯ ಪಟ್ಟಿಯ ಕರಡಿನಲ್ಲಿ ನಾನು ಯಾವ ಧ್ಯಾನದಲ್ಲಿದ್ದೆನೋ, ಕೆಳಗೆ ಎರಡು ಹೆಸರು ಹೆಚ್ಚಾಗಿ ಬರೆದುಬಿಟ್ಟಿದ್ದೆ. ನಮ್ಮ ಸಾಹೇಬರು ಕರೆಸಿ, ಕನ್ನಡಕ ಮೇಲೆ ಮಾಡಿ, "ಯಾಕ್ರಿ, ಈ ಕಲ್ಲಾಮೆ ಅನ್ನೋರು ಯಾವ ಸೆಕ್ಷನ್ನಿನ್ಯಾಗ ಅದಾರ? ನಾ ಒಮ್ಮಿನೂ ನೋಡಿಲ್ಲಲ್ಲ," ಎಂದರು. "ಹೊಸದಾಗಿ ಬಂದವರು ಸರ್" ಎನ್ನುವ ಧೈರ್ಯ ನನಗಾಗಲಿಲ್ಲ. ಪಟ್ಟಿ ಮತ್ತೆ ಬರೆದುಕೊಟ್ಟೆ.

ಸೋಲಿನ ಬೇಸರ ನನಗೆ ಅಷ್ಟಾಗಿ ಇರಲಿಲ್ಲ ಎಂದರೆ ನೀವು ನಂಬಬೇಕು. ನಾನು ನಿಧಾನಕ್ಕೆ ಸೋಲುವವನು. ಎಂಬತ್ತಾರು ಎಲೆಯ ಕಟ್ಟಿನವನು ಸೋತು ಮುಗಿಯಬೇಕಾದರೆ ಒಂದೂವರೆ ತಾಸು ಬೇಕು. ಅಷ್ಟರಲ್ಲಿ ಎದುರಿನ ಹೋಟೆಲಿನಿಂದ ಎರಡು ಸಲ ಚಹಾ, ಒಂದು ಸಲ ಮಿರ್ಚಿ ಭಜಿ ಬರುತ್ತಿದ್ದವು. ಮುಡಬಿಯ ಕಡೆ ಮಳೆ ಆಯಿತಂತೆ, ಯಾರದೋ ಮದುವೆ ನಿಂತಿತಂತೆ ಎಂಬ ಮಾತುಗಳ ನಡುವೆ ನನ್ನ ಜೀವ ಇಪ್ಪತ್ತರಿಂದ ಹದಿನೇಳು, ಹದಿನೇಳರಿಂದ ಹನ್ನೊಂದು ಎಂದು ಇಳಿಯುತ್ತಿತ್ತು. ಗೆಲುವು ಮುಂದಿನ ಭಾನುವಾರ ಇದ್ದೇ ಇದೆಯಲ್ಲ ಎಂದುಕೊಂಡು ನಾನು ಬಸ್ಸು ಹತ್ತುತ್ತಿದ್ದೆ.

ಹಾಗಿರುವಾಗ ಒಂದು ಸಂಜೆ ರೇವಣಸಿದ್ಧ ಫೋನು ಮಾಡಿ, ಊರಿಗೆಲ್ಲ ಮೊಬೈಲು ಬರುತ್ತಿವೆ, ತಾನೂ ಅಂಗಡಿಯ ಹಿಂಭಾಗ ಒಡೆದು ಮೊಬೈಲಿನ ಕೌಂಟರು ಮಾಡುತ್ತೇನೆ ಎಂದ. "ಬರೂ ಐತವಾರ ಕಡೀದು ನೋಡ್ರಿ ದಾಜಿ. ಆಮ್ಯಾಲ ಟೇಬಲ್ಲೂ ಇರಂಗಿಲ್ಲ, ಆಟಾನೂ ಇರಂಗಿಲ್ಲ."

ಮುಂದಿನ ಭಾನುವಾರ ಎಂಬುದೇ ಇಲ್ಲವಾದರೆ ನನ್ನ ಎರಡು ವರ್ಷದ ಗೆಲುವುಗಳ ಗತಿ ಏನು? ಒಂದಾದರೂ ನಿಜವಾಗಬೇಡವೇ? ಮರುದಿನ ರಜೆ ಹಾಕಿ ಎಂಬತ್ತಾರೂ ಎಲೆಗಳನ್ನು ಪಡಸಾಲೆಯ ತುಂಬ ಹರಡಿಕೊಂಡು, ತಲೆಯ ಮೇಲೆ ಕೈ ಹೊತ್ತು ಕೂತೆ. ನಲವತ್ತಾರನ್ನು ಹೊರಗೆ ಹಾಕಬೇಕಿತ್ತು. ಸಂಜೆಯಾಗುವ ಹೊತ್ತಿಗೆ ಒಂದು ಗೂಬೆಯನ್ನು ಹೊರಗಿಟ್ಟು, ಮನಸ್ಸು ತಡೆಯದೆ ಮತ್ತೆ ಒಳಗೆ ತಂದಿದ್ದೆ.

ಹೆಂಡತಿ ಕಸ್ತೂರಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಇದನ್ನೆಲ್ಲ ನೋಡುತ್ತಿದ್ದಳು. ಕಡೆಗೆ ಮೊರ ಪಕ್ಕಕ್ಕಿಟ್ಟು ಬಂದು ಕೂತಳು.

"ಇದು ಬಂದ್ರ ಏನ ಮಾಡ್ತದ್ರಿ?"

"ಅದು ಬಂದು, ಅದರ ಜೋಡಿ ಇನ್ನೊಂದು ಬಂದು, ಅಷ್ಟರಾಗ ಎದುರಿನಂವ ಏನೂ ಮಾಡಲಿಲ್ಲಂದ್ರ..."

"ಅದರ ಜೋಡಿ ಬರಲಿಲ್ಲಂದ್ರ?"

"ಕಾಯ್ಬೇಕು."

"ಕಾಯಾಕ ನೀವೊಬ್ರು ಇದ್ದೀರಲ್ಲ, ಸಾಕು," ಎಂದು ಗೂಬೆಯನ್ನು ಬದಿಗಿಟ್ಟಳು.

ಬೇಳೆಯಲ್ಲಿ ಹರಳು ಆರಿಸುವ ಬೆರಳುಗಳಿಗೆ ದಯೆ ಎಂಬುದು ಇರುವುದಿಲ್ಲ. ಬಂದ ದಿನವೇ ಒಂದು ಕೆಲಸ ಮಾಡುವ ಪ್ರಾಣಿ ಉಳಿಯಿತು. ನಾಳೆ ಮಾಡುತ್ತೇನೆ ಎನ್ನುವುದು ಹೊರಬಿತ್ತು. ಬೆಂಕಿ ಕುರಿ ನನ್ನ ಹತ್ತಿರ ಮೂರಿದ್ದವು. ಎಲ್ಲರಿಗೂ ಜಾಗ ಸಿಗಲೆಂದು ನಾನು ಒಂದನ್ನೇ ಇಟ್ಟು ಉಳಿದೆರಡನ್ನು ಡಬ್ಬಿಯಲ್ಲಿ ಹಾಕಿದ್ದೆ. ಅವಳು ಮೂರನ್ನೂ ತಂದಳು. ಗಾಳಿ ಕುದುರೆಯ ಗತಿಯೂ ಅದೇ ಆಯಿತು. ಹನ್ನೆರಡು ದೊಡ್ಡ ಪ್ರಾಣಿಗಳಿದ್ದವು, ಅವನ್ನು ಸಾಲಾಗಿ ಇಟ್ಟು ನೋಡಿ, "ಮನ್ಯಾಗ ಎಲ್ಲಾರೂ ಯಜಮಾನ್ರಾದ್ರ ನೀರ ತರಾಕ ಯಾರ ಹೋಗೂದು?" ಎಂದು ನಾಲ್ಕನ್ನೇ ಉಳಿಸಿದಳು. ನಿದ್ದೆಯ ಮೀನನ್ನು ಎತ್ತಿದಾಗ ನಾನು, "ಅದು ಇರ್ಲಿ ಬಿಡು, ಪಾಪ," ಎಂದೆ. "ಇದು ಏನ ಮಾಡ್ತದ?" ಎಂದಳು. "ಏನೂ ಮಾಡೂದಿಲ್ಲ, ನೋಡಾಕ ಚಂದ ಅದ," ಎಂದೆ. ಅವಳು ನನ್ನನ್ನೊಮ್ಮೆ, ಮೀನನ್ನೊಮ್ಮೆ ನೋಡಿ, ಮೀನನ್ನು ಮಾತ್ರ ಹೊರಗೆ ಹಾಕಿದಳು. ದೀಪ ಹಚ್ಚುವ ಹೊತ್ತಿಗೆ ನನ್ನ ಕೈಯಲ್ಲಿ ನಲವತ್ತು ಎಲೆಯ ತೆಳ್ಳಗಿನ ಕಟ್ಟಿತ್ತು. ಟವೆಲ್ಲಿನ ಅಗತ್ಯ ಬೀಳಲಿಲ್ಲ.

ಭಾನುವಾರ ಹುಮನಾಬಾದಿನಲ್ಲಿ ಅಂಗಡಿಯ ಹಿಂಭಾಗದ ಕಪಾಟುಗಳನ್ನಾಗಲೇ ತೆಗೆದಿದ್ದರು. ಮೇಜೊಂದು ಉಳಿದಿತ್ತು. ಬೇರೆಯವರು ಯಾರೂ ಬಂದಿರಲಿಲ್ಲ. ರೇವಣಸಿದ್ಧ ಚಹಾಕ್ಕೆ ಹೇಳಿ ಬಂದು ಕೂತ. ನಾನು ಐದು ಎಲೆ ಎತ್ತಿ ನೋಡಿದೆ. ಬೆಂಕಿ ಕುರಿ. ಗಾಳಿ ಕುದುರೆ. ಸರ್ಪ. ಬೇವಿನ ಮರದ ಕಡೆ ನೋಡುತ್ತ ಎಷ್ಟು ಸಲ ಕಂಡಿದ್ದೆನೋ ಅದೇ ಕ್ರಮ. ಮೊದಲ ಸರದಿಗೆ ಕುರಿ ಇಳಿಯಿತು, ಎರಡನೆಯದಕ್ಕೆ ಕುದುರೆ, ಮೂರನೆಯದಕ್ಕೆ ಎರಡೂ ಎದ್ದವು, ಸರ್ಪ ಬಂತು. ಹಸಿರು ಬೆಳಕೇನೂ ಹರಡಲಿಲ್ಲ. ಹೊರಗೆ ಬೀದರಿನ ಬಸ್ಸೊಂದು ಜೋರಾಗಿ ಹಾರ್ನು ಹಾಕಿತು. ನಾಲ್ಕನೆಯ ಸರದಿಗೆ ಜೀವವೆಲ್ಲ ಮುಗಿದು ರೇವಣಸಿದ್ಧ ತನ್ನ ಎಲೆಗಳನ್ನು ಮೇಜಿನ ಮೇಲಿಟ್ಟು ಕೈ ಮುಂದೆ ಚಾಚಿದ.

"ದಾಜಿ, ಖತಂ! ಗೆದ್ರಿ!"

ಚಹಾ ಇನ್ನೂ ಬಂದಿರಲಿಲ್ಲ. "ಇನ್ನೊಂದ ಆಟ ಆಡೂಣೇನು?" ಎಂದೆ.

"ಬ್ಯಾಡ್ರಿ. ಗೆದ್ದೀರಿ, ಗೆದ್ದಾಂಗ ಇರ್ರಿ. ಟೇಬಲ್ ಒಯ್ಯಾಕ ಬಂಡಿಯಂವ ಬಂದು ನಿಂತಾನ."

ಎರಡು ವರ್ಷ ಬಯಸಿದ್ದು ಹತ್ತು ನಿಮಿಷದಲ್ಲಿ ಮುಗಿದುಹೋಗಿತ್ತು. ಭಜಿಯಿಲ್ಲ, ಮುಡಬಿಯ ಮಳೆಯ ಸುದ್ದಿಯಿಲ್ಲ. ಮೇಜು ಎತ್ತುವಾಗ ಒಂದು ಕಡೆ ನಾನೇ ಕೈ ಕೊಟ್ಟೆ. ಆಮೇಲೆ ಬಂದ ಚಹಾವನ್ನು ಇಬ್ಬರೂ ನಿಂತುಕೊಂಡು ಕುಡಿದೆವು.

ಮನೆಗೆ ಬಂದಾಗ ಕಸ್ತೂರಿ, "ಏನಾತ್ರಿ?" ಎಂದಳು. "ಸೋತೆ," ಎಂದುಬಿಟ್ಟೆ. ಯಾಕೆ ಹಾಗಂದೆನೋ, ಅಂದ ಮೇಲೆ ನಿಲ್ಲಿಸಲು ಆಗಲಿಲ್ಲ. ಕುರಿ ತಡವಾಗಿ ಬಂದದ್ದು, ಜೀವ ಹದಿನೇಳಕ್ಕಿಳಿದದ್ದು, ಭಜಿ ಬಿಸಿಯಿದ್ದದ್ದು, ಸರ್ಪ ಇನ್ನೇನು ಇಳಿಯಬೇಕೆನ್ನುವಾಗ ಕುದುರೆ ಕೈಕೊಟ್ಟದ್ದು, ರೇವಣಸಿದ್ಧ ಬೆವರಿದ್ದು, ಕೊನೆಯ ಒಂದು ಜೀವದಲ್ಲಿ ನಾನು ಅರ್ಧ ತಾಸು ಹೋರಾಡಿದ್ದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಕಣ್ಣು ತುಂಬಿ ಬಂತು. ಅವಳು ಕೆಲಸ ಬಿಟ್ಟು, ಗಲ್ಲಕ್ಕೆ ಕೈ ಹಚ್ಚಿ, ಕೊನೆಯವರೆಗೂ ಕೇಳಿದಳು.

"ಭಾಳ ಚಲೋ ಆಡೀರಿ," ಎಂದು ಏಳುತ್ತ, "ರೇವಣ ಆಗ್ಲೇ ಫೋನ ಮಾಡಿದ್ದ. ನಾಕ ಸರದಿಗೆ ಗೆದ್ರಂತ," ಎಂದಳು.

"ಮತ್ತ ನಡುವ ಯಾಕ ತಡೀಲಿಲ್ಲ?"

"ಎರಡ ವರ್ಷದಾಗ ನೀವು ಇಷ್ಟ ಖುಷಿಲೇ ಆಡಿದ್ದು ನಾ ಎಂದೂ ಕೇಳಿದ್ದಿಲ್ರಿ. ಹ್ಯಾಂಗ ತಡೀಲಿ?"

ಒಳಗೆ ಹೋದಳು. ನಾನು ಪಡಸಾಲೆಯಲ್ಲಿ ಕೂತು ಆ ಆಟವನ್ನು ಮೊದಲಿನಿಂದ ಇನ್ನೊಮ್ಮೆ ನೆನೆಸಿಕೊಂಡೆ. ಅವಳು ಹೇಳಿದ್ದು ನಿಜ. ನನ್ನ ಜೀವನದಲ್ಲಿ ಅದಕ್ಕಿಂತ ಚೆನ್ನಾದ ಆಟ ಇನ್ನೊಂದಿಲ್ಲ. ಅದನ್ನು ನಾನು ಆಡಿರಲಿಲ್ಲ ಎಂಬುದೊಂದೇ ಕೊರತೆ.