ಇಪ್ಪತ್ತಮೂರು ಡಿಗ್ರಿ

ಸೇನೆಯ ಹೊಸ ಕಚೇರಿಯಲ್ಲಿ ಎಲ್ಲವೂ ಸರಿಯಿತ್ತು, ಕರ್ನಲ್ ಸಾಹೇಬರಿಗೆ ಸೆಕೆಯಾಗುತ್ತಿದ್ದುದೊಂದನ್ನು ಬಿಟ್ಟು. ಅದೇ ಕೋಣೆಯಲ್ಲಿ, ಅದೇ ಹೊತ್ತಿಗೆ, ಪಕ್ಕದ ಮೇಜಿನ ಮೇಜರ್ ಸಾಹೇಬರು ಚಳಿಗೆ ಸ್ವೆಟರ್ ಹಾಕಿಕೊಂಡು ಕೂತಿದ್ದರು.

ಇಬ್ಬರ ನಡುವೆ ಸಿಕ್ಕಿಬಿದ್ದವರು ನಮ್ಮ ಎಂಜಿನಿಯರು. ಬ್ಯಾರಕ್ಕು, ಬಂಕರು, ಮದ್ದುಗುಂಡಿನ ಉಗ್ರಾಣ ಎಂದು ಇಪ್ಪತ್ತಾರು ವರ್ಷ ಸೇನೆಯ ಕಟ್ಟಡಗಳಿಗೆ ತಂಪು ಗಾಳಿ ಹಾಯಿಸಿ, ತಲೆಗೂದಲನ್ನೂ ಅದೇ ಗಾಳಿಗೆ ತೂರಿದವರು. ಅದರಲ್ಲಿ ಒಂಬತ್ತು ವರ್ಷ ಇದೇ ಶಿಬಿರದಲ್ಲಿ, ಒಂಟಿಯಾಗಿ. ಇವತ್ತು ಕರ್ನಲ್ ಈ ಕಚೇರಿಯ ತಂಪು ಸರಿಯಿದೆಯೆಂಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಸಂಸಾರವಿದ್ದ ಊರಿಗೆ ವರ್ಗ. ಹೆಂಡತಿ ಬೆಳಿಗ್ಗೆಯೇ ಫೋನು ಮಾಡಿದ್ದರು: "ಈ ಸಲಾನಾದ್ರೂ ಬರ್ತೀರೋ, ಇಲ್ಲಾ ಆ ಪೈಪುಗಳ ಜೊತೇನೇ ಸಂಸಾರ ಮಾಡ್ತೀರೋ?"

ಎಂಜಿನಿಯರು ಗಾಳಿಯ ಜಾಲರಿ ತೆರೆದರು, ಮೇಜರ್ ಸೀನಿದರು. ಮುಚ್ಚಿದರು, ಕರ್ನಲ್ ಕಾಲರ್ ಸಡಿಲಿಸಿದರು. "ಕಿಟಕಿ ತೆಗೆದ್ರೆ ಆಯ್ತಲ್ಲ ಸಾರ್?" ಎಂದು ಗುಮಾಸ್ತ ಬೇರೆ ಉಪದೇಶಿಸಿದ.

ಕೊನೆಗೆ ಎಂಜಿನಿಯರು ಹಳೇ ಫಿಟ್ಟರನ್ನು ಹೊರಗೆ ಕರೆದರು. "ತಂಪು ಹೆಚ್ಚುಕಮ್ಮಿ ಮಾಡೋ ಥರ್ಮೋಸ್ಟಾಟ್ ಡಬ್ಬಿ ಒಂದು ತಂದು ಗೋಡೆಗೆ ಹೊಡಿ. ತಂತಿ ಕೊಡ್ಬೇಡ. ತಾವೇ ತಿರುಗಿಸ್ಕೊಂಡು ಸಮಾಧಾನ ಮಾಡ್ಕೊಳ್ಲಿ."

"ಸ್ಟೋರಲ್ಲಿ ಇಲ್ಲ ಸಾರ್."

"ಎಲ್ಲಿಂದಾದ್ರೂ ಕಿತ್ಕೊಂಡು ಬಾರಯ್ಯಾ!"

ಹತ್ತೇ ನಿಮಿಷದಲ್ಲಿ ಡಬ್ಬಿ ಗೋಡೆಯೇರಿತು. ಕರ್ನಲ್ ಗುಂಡಿ ತಿರುಗಿಸಿ, "ಆಹಾ, ಈಗ ಸರಿ!" ಎಂದರು. ಅವರು ಅತ್ತ ಹೋದದ್ದೇ ತಡ, ಮೇಜರ್ ಅದನ್ನು ಮೆಲ್ಲನೆ ಹಿಂದಕ್ಕೆ ತಿರುಗಿಸಿ ಸ್ವೆಟರ್ ಕಳಚಿದರು. ಎಂಜಿನಿಯರು ನಗು ನುಂಗಿಕೊಂಡರು. ಓದಿದವರೂ ಇಷ್ಟು ಸುಲಭವಾಗಿ ಬೇಸ್ತು ಬೀಳುತ್ತಾರಲ್ಲ ಎಂದು ಅವರಿಗೆ ಕನಿಕರವೂ ಆಯಿತು.

ಕರ್ನಲ್ ಖುಷಿಯಿಂದ ಸಹಿ ಹಾಕಿದರು. ಕೆಳಗೆ ಸ್ವಂತ ಕೈಯಲ್ಲಿ ಒಂದು ಸಾಲು ಸೇರಿಸಿದರು: 'ಇಂಥ ಪರಿಣತರನ್ನು ಇನ್ನೂ ಎರಡು ವರ್ಷ ಇಲ್ಲೇ ಉಳಿಸಿಕೊಳ್ಳತಕ್ಕದ್ದು.'

ಹೆಂಡತಿಗೆ ಏನು ಹೇಳುವುದೆಂದು ಬೆವರುತ್ತ ಎಂಜಿನಿಯರು ತಮ್ಮ ಕೋಣೆಗೆ ಬಂದರು. ಅಭ್ಯಾಸದಂತೆ ಗೋಡೆಗೆ ಕೈಹಾಕಿದರು. ಅಲ್ಲಿ ನಾಲ್ಕು ತೂತುಗಳಿದ್ದವು, ನಡುವೆ ಬಣ್ಣ ಮಾಸದ ಒಂದು ಚೌಕ.

"ಏನಯ್ಯಾ, ನನ್ನ ಡಬ್ಬೀನೇ ಕಿತ್ಯಾ? ಇಲ್ಲಿ ಆಗ್ಲೇ ಉರೀತಿದೆ!"

ಫಿಟ್ಟರ್ ತಲೆ ಕೆರೆದುಕೊಂಡ. "ಅದಕ್ಕೂ ತಂತಿ ಇರ್ಲಿಲ್ಲ ಸಾರ್. ನೀವು ಬಂದ ಹೊಸದ್ರಲ್ಲಿ ದಿನಾ ಸೆಕೆ ಸೆಕೆ ಅಂತಿದ್ರಲ್ಲ, ಆಗಿನ ದೊಡ್ಡ ಸಾಹೇಬ್ರು ಹಾಕ್ಸಿದ್ದು."

ಒಂಬತ್ತು ವರ್ಷ ಆ ಗುಂಡಿಯನ್ನು ಇಪ್ಪತ್ತಮೂರರಿಂದ ಕದಲಲು ಬಿಡದೆ, ಮುಟ್ಟಿದವರಿಗೆಲ್ಲ ಬೈದಿದ್ದ ಎಂಜಿನಿಯರು ಕುರ್ಚಿಯಲ್ಲಿ ಕುಸಿದರು. ನಾಚಿಕೆಯಿಂದ ಮುಖ ಕೆಂಪಾಯಿತು. ಬೆವರು ಮಾತ್ರ ನಿಲ್ಲಲಿಲ್ಲ.

"ನಾಳೆ ಇನ್ನೊಂದು ತಂದು ಹಾಕ್ಲಾ ಸಾರ್?" ಎಂದ ಫಿಟ್ಟರ್.

ಎಂಜಿನಿಯರು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದರು:

"ಹಾಕು. ಇಪ್ಪತ್ಮೂರಕ್ಕೇ ಇಡು."