ಚಾಲಕರು ಈಗಾಗಲೇ ಹೊರಟಿದ್ದಾರೆ

ಚಪ್ಪಲಿಯ ಉಂಗುಷ್ಟ ಕಿತ್ತುಹೋಗದಿದ್ದರೆ ಸಾವಧಾನಿಗೆ ಆ ದಿನ ತನ್ನ ದೆವ್ವವನ್ನು ತಾನೇ ಹುಡುಕಿಕೊಂಡು ಅಲೆಯುವ ಗತಿ ಬರುತ್ತಿರಲಿಲ್ಲ.

ಸಾವಧಾನಿ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹತ್ತೊಂಬತ್ತು ವರ್ಷ ಕಂಟೇನರ್ ಲಾರಿ ಓಡಿಸಿ ಸಂಪಾದಿಸಿದ ಬಿರುದು. ರೈಲಿನಲ್ಲಿ ಬಂದಿಳಿಯುವ ಕಬ್ಬಿಣದ ಪೆಟ್ಟಿಗೆಗಳನ್ನು ಊರಾಚೆಯ ಗೋದಾಮಿಗೆ ಮುಟ್ಟಿಸುವುದು ಅವನ ಕೆಲಸ. ಮೊದಲೆಲ್ಲ ರೈಲು ಯಾರ್ಡಿಗೆ ಯಾವಾಗ ಹೋದರೂ ನಡೆಯುತ್ತಿತ್ತು. ಈಗ ದೊಡ್ಡ ಡಾಕ್ಟರ ಹತ್ತಿರ ಹೋದ ಹಾಗೆ, ಮೊದಲೇ ಹೊತ್ತು ಗೊತ್ತುಮಾಡಿಕೊಂಡು ಹೋಗಬೇಕು. ಆ ಹೊತ್ತು ತಪ್ಪಿತೋ, ಸಂಜೆಯವರೆಗೆ ಸಾಲಿನಲ್ಲಿ ಬೇಯಬೇಕು. ಹಾಗೆ ಬೆಂದು ಬೇಸತ್ತ ಚಾಲಕರು ಒಬ್ಬೊಬ್ಬರೇ ಕೆಲಸ ಬಿಟ್ಟು, ಹದಿನಾರು ಮಂದಿಯಿದ್ದ ಕಂಪನಿಯಲ್ಲಿ ಈಗ ನಾಲ್ವರು ಉಳಿದಿದ್ದರು.

ಚಪ್ಪಲಿಗೆ ತಂತಿ ಬಿಗಿದುಕೊಂಡು ಕುಂಟುತ್ತ ಕಂಪನಿಯ ಆವರಣಕ್ಕೆ ಬರುವಾಗ ಅವನಿಗೆ ಹದಿನೈದು ನಿಮಿಷ ತಡವಾಗಿತ್ತು. ಮಂಜು ನೆಲಕ್ಕೆ ಇಳಿದಿತ್ತು. ಲಾರಿ ನಿಲ್ಲಿಸಿದ್ದ ಜಾಗದಲ್ಲಿ ಎಣ್ಣೆಯ ಕಲೆ ಇತ್ತು, ಲಾರಿ ಇರಲಿಲ್ಲ.

ವಾಚ್‌ಮನ್ ಅವನನ್ನು ನೋಡಿ ಕಣ್ಣುಜ್ಜಿಕೊಂಡ. "ಏನಣ್ಣಾ, ಮತ್ತೆ ಬಂದ್ರಾ?"

"ಮತ್ತೆ ಅಂದ್ರೆ? ಈಗ ತಾನೆ ಬರ್ತಾ ಇದ್ದೀನಿ."

"ಬೆಳಿಗ್ಗೆ ಬೆಳಿಗ್ಗೆ ತಮಾಷೆ ಬೇಡ. ಐದು ನಿಮಿಷದ ಹಿಂದೆ ಲಾರಿ ತಗೊಂಡು ಹೋದ್ರಲ್ಲ? ಗೇಟು ತೆಗೆದು ಕೈ ಎತ್ತಿದೆ, ತಿರುಗಿ ಕೂಡ ನೋಡ್ಲಿಲ್ಲ. ಮನೇಲಿ ಏನೋ ಜಗಳ ಅಂದ್ಕೊಂಡೆ."

"ನನ್ನ ಮುಖ ನೋಡಿದ್ಯಾ?"

"ಈ ಮಂಜಲ್ಲಿ ಮುಖ ಯಾರಿಗೆ ಕಾಣುತ್ತೆ? ಆದ್ರೆ ನೀವೇ. ಮೋರಿ ಹತ್ರ ಅರ್ಧ ನಿಂತು, ಎರಡು ಸಲ ಹಾರನ್ ಹೊಡೆದು, ಬಸುರಿ ನಡೆದ ಹಂಗೆ ತಿರುಗ್ಸೋರು ಈ ಊರಲ್ಲಿ ಇನ್ಯಾರಿದ್ದಾರೆ?"

ಸಾವಧಾನಿ ಜೇಬಿಗೆ ಕೈ ಹಾಕಿದ. ಲಾರಿಯ ಕೀ ಅಲ್ಲೇ ಇತ್ತು, ಸತ್ತ ಮೀನಿನಷ್ಟು ತಣ್ಣಗೆ. ಮ್ಯಾನೇಜರಿಗೆ ಫೋನು ಮಾಡಿದರೆ ರಿಂಗಾಗಿ ರಿಂಗಾಗಿ ನಿಂತುಹೋಯಿತು. ಲಾರಿ ಕಳೆದರೆ ಕೆಲಸವೂ ಕಳೆದ ಹಾಗೆ. ಸಿಕ್ಕ ಹಾಲಿನ ವ್ಯಾನು ಹತ್ತಿ ಯಾರ್ಡಿಗೆ ಓಡಿದ.

ಯಾರ್ಡಿನ ಗೇಟಿನಲ್ಲಿ ಮೊದಲು ಮೂವರು ಗಾರ್ಡುಗಳಿದ್ದರು. ಬೈಯುತ್ತಿದ್ದರು, ಆದರೂ ಮನುಷ್ಯರಾಗಿದ್ದರು. ಈಗ ಅಲ್ಲಿ ಒಂದು ಕಂಬ, ಅದರ ತಲೆಯ ಮೇಲೊಂದು ಕ್ಯಾಮೆರಾ, ಹೊಟ್ಟೆಯಲ್ಲೊಂದು ಹೆಂಗಸಿನ ದನಿ. ಆ ದನಿ ಅವನನ್ನು ಅಪ್ಪ ಇಟ್ಟ ಪೂರ್ತಿ ಹೆಸರು ಹಿಡಿದು ಕರೆಯಿತು.

"ನಮಸ್ಕಾರ. ನೀವು ಏಳೂವರೆಗೆ ಒಳಗೆ ಬಂದು, ಏಳು ಐವತ್ತೆರಡಕ್ಕೆ ಪೆಟ್ಟಿಗೆಯೊಂದಿಗೆ ಹೊರಟಿದ್ದೀರಿ. ಪ್ರಯಾಣ ಸುಖಕರವಾಗಲಿ."

"ಹೊರಟಿಲ್ಲ ತಾಯೀ! ಇಲ್ಲೇ ಇದ್ದೀನಿ, ನೋಡು!"

ಕ್ಯಾಮೆರಾ ಕತ್ತು ಹೊರಳಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. "ನೀವು ಇಲ್ಲಿ ಇಲ್ಲ. ದಯವಿಟ್ಟು ದಾರಿ ಬಿಡಿ."

ಹಿಂದಿನ ಲಾರಿಗಳು ಹಾರನ್ ಬಡಿಯತೊಡಗಿದವು. ಸಾವಧಾನಿ ಅಡ್ಡಕೋಲಿನ ಕೆಳಗೆ ನುಸುಳಿ ಒಳಗೆ ಹೋದ. ಎರಡೂ ಕಡೆ ಐದಾರು ಪೆಟ್ಟಿಗೆಗಳ ಎತ್ತರದ ಸಾಲು, ಕಿಟಕಿಗಳೇ ಇಲ್ಲದ ಬೀದಿಯಂತೆ. ನರಪಿಳ್ಳೆ ಇಲ್ಲ. ಎಲ್ಲೋ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಸಾಲಿನಿಂದ ಸಾಲಿಗೆ ಹಾಯ್ದು ಅವನ ಬೆನ್ನ ಹಿಂದೆ ಬಂದು ನಿಲ್ಲುತ್ತಿತ್ತು. ಅಂತೂ ಕ್ರೇನ್ ಓಡಿಸುವವನೊಬ್ಬ ಏಣಿ ಇಳಿಯುತ್ತಿರುವುದು ಕಂಡಿತು. ಹಳೆಯ ಪರಿಚಯ. ಸಾವಧಾನಿಯನ್ನು ಕಂಡದ್ದೇ ಅವನು ಮತ್ತೆ ಎರಡು ಮೆಟ್ಟಿಲು ಮೇಲೆ ಹತ್ತಿದ.

"ಅಲ್ಲೇ ಇರಿ! ಹತ್ರ ಬರ್ಬೇಡಿ!"

"ಯಾಕಯ್ಯಾ?"

"ನಿಮ್ಮ ಲಾರಿ ಮೇಲೆ ಪೆಟ್ಟಿಗೆ ಇಳಿಸಿದ್ದು ನಾನೇ. ಮೇಲಿಂದ ಕ್ಯಾಬಿನ್ ಚೆನ್ನಾಗಿ ಕಾಣುತ್ತೆ. ಒಳಗೆ ನೀವಿರ್ಲಿಲ್ಲ. ಸ್ಟೀರಿಂಗ್ ತಿರುಗ್ತಿತ್ತು, ನೀವಿರ್ಲಿಲ್ಲ."

"ನೀನು ಸುಮ್ನೆ ಬಿಟ್ಯಾ?"

"ಕೂಗಿದೆ. ಅದು ಹಾರನ್ ಹೊಡೀತು. ಹಾರನ್ ಹೊಡೆಯೋ ದೆವ್ವದ ಜೊತೆ ಯಾರು ವಾದ ಮಾಡ್ತಾರೆ?" ಕ್ರೇನಿನವನು ನಿಧಾನವಾಗಿ ಇಳಿದು ಒಂದು ಬೆರಳಿನಿಂದ ಅವನ ಕೈ ಮುಟ್ಟಿ ನೋಡಿದ. "ಬಿಸಿ ಇದೆ. ಹಂಗಾದ್ರೆ ದೇಹ ಇಲ್ಲೇ ಉಳಿದಿದೆ. ಜೀವ ಮಾತ್ರ ಡ್ಯೂಟಿಗೆ ಹೋಗಿರ್ಬೇಕು. ಈ ಕಾಲದಲ್ಲಿ ಅಷ್ಟು ನಿಯತ್ತು ಒಳ್ಳೇದಲ್ಲ ಅಣ್ಣಾ."

ಹೊರಗೆ ಹೋಗೋಣವೆಂದರೆ ಅಲ್ಲಿಯೂ ಅದೇ ಕಂಬ, ಅದೇ ದನಿ. "ಒಳಗೆ ಇಲ್ಲದವರನ್ನು ಹೊರಗೆ ಬಿಡಲು ಸಾಧ್ಯವಿಲ್ಲ."

ಅವನು ಕೊನೆಗೆ ಹಳಿಗಳ ಕಡೆಯ ತಂತಿಬೇಲಿಯ ತೂತಿನಲ್ಲಿ, ಅಂಗಿಯ ಬೆನ್ನನ್ನು ಅಲ್ಲೇ ಬಿಟ್ಟು, ನಾಯಿಯಂತೆ ತೂರಿಕೊಂಡು ರಸ್ತೆಗೆ ಬಿದ್ದ. ಎದ್ದು ನಿಲ್ಲುವಷ್ಟರಲ್ಲಿ ಹೆಂಡತಿಯ ಫೋನು ಬಂತು.

"ರೀ... ನೀವಾ?"

"ನಾನಲ್ದೆ ಇನ್ಯಾರು?"

"ಎದುರುಮನೆ ಟೀಚರಮ್ಮ ನೋಡಿದ್ರಂತೆ. ನಿಮ್ಮ ಲಾರಿ ನಮ್ಮ ಬೀದಿ ತುದೀಲಿ ಹೋಯ್ತಂತೆ, ಒಳಗೆ ಯಾರೂ ಇರ್ಲಿಲ್ವಂತೆ. ಈಗ ಏಳೆಂಟು ಜನ ಬಂದು ಕೂತಿದ್ದಾರೆ. 'ಒಳ್ಳೇ ಮನುಷ್ಯ, ಯಾರಿಗೂ ಕೇಡು ಬಯಸ್ದೋನಲ್ಲ' ಅಂತ ಶುರು ಮಾಡಿದ್ದಾರೆ."

"ನಾನು ನಿನ್ನ ಹತ್ರ ಮಾತಾಡ್ತಾ ಇದ್ದೀನಲ್ಲೇ!"

"ಅವ್ರಿಗೂ ಅದನ್ನೇ ಹೇಳ್ದೆ. 'ಮೊದಮೊದಲು ಹಂಗೇ ಮಾತಾಡ್ತಾರಮ್ಮ, ಆಮೇಲೆ ಕಮ್ಮಿ ಆಗುತ್ತೆ' ಅಂದ್ರು ಟೀಚರಮ್ಮ."

ಅವನು ಫೋನಿಟ್ಟ ಕೂಡಲೇ ಮ್ಯಾನೇಜರ್ ಕರೆ ಮಾಡಿದರು. "ಎಲ್ರೀ ಇದ್ದೀರಾ? ನಿಮ್ಮ ಲಾರಿ ಕಾಲು ಗಂಟೆಯಿಂದ ಮೇಲ್ಸೇತುವೆ ಕೆಳಗೆ ನಿಂತಿದೆ. ಮೂವತ್ತೊಂದನೇ ಕಂಬದ ಹಿಂದೆ. ಅಲ್ಲಿ ಏನಿದೆ ಅಂತ?"

ಮೂವತ್ತೊಂದನೇ ಕಂಬದ ಹಿಂದೆ ಏನಿದೆ ಎನ್ನುವುದು ಜಗತ್ತಿನಲ್ಲಿ ಸಾವಧಾನಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅಲ್ಲಿ ನೆರಳಿತ್ತು. ಬೆಳಿಗ್ಗೆಯ ಸರಕು ಹೊತ್ತು ಬರುವಾಗ ಪ್ರತಿದಿನ ಅಲ್ಲಿ ಅವನು ಐವತ್ತು ನಿಮಿಷ ನಿದ್ದೆ ಮಾಡುತ್ತಿದ್ದ. ಹೆಂಡತಿಗೂ ಹೇಳಿರಲಿಲ್ಲ.

ಆಟೋ ಹಿಡಿದು ಬಂದರೆ ಸೇತುವೆಯ ಕೆಳಗೆ ಹಗಲೇ ಕತ್ತಲು. ಲಾರಿಯ ಎಂಜಿನ್ ನಿಂತಿತ್ತು. ಹಳದಿ ದೀಪಗಳು ಗೊರಕೆಯ ಲಯದಲ್ಲಿ ಹತ್ತುತ್ತ ಆರುತ್ತ ಇದ್ದವು. ಸಾವಧಾನಿ ಮೆಟ್ಟಿಲ ಮೇಲೆ ಕಾಲಿಟ್ಟು ಗಾಜಿನೊಳಗೆ ಇಣುಕಿದ. ಬೀಗ ಬಿದ್ದ ಕ್ಯಾಬಿನ್ನಿನಲ್ಲಿ ಚಾಲಕನ ಸೀಟು, ಅವನು ಮಲಗುವಾಗ ಎಷ್ಟು ವಾಲಿಸುತ್ತಿದ್ದನೋ ಅಷ್ಟೇ, ಹಿಂದಕ್ಕೆ ವಾಲಿತ್ತು. ಸೀಟು ಖಾಲಿ. ಅವನಿಗೆ ಕೂಗೋಣವೆನಿಸಿತು, ಆದರೆ ಒಳಗಿರುವುದು ಎಚ್ಚರವಾದರೆ?

"ಅಂಕಲ್, ಹೆದರ್ಬೇಡಿ!"

ಅವನು ಹೆದರಿ ಕೆಳಗೆ ಬಿದ್ದ. ಕಂಬದ ಆಚೆಯಿಂದ ಲ್ಯಾಪ್‌ಟಾಪ್ ಹಿಡಿದ ಎಂಜಿನಿಯರ್ ಹುಡುಗಿಯೂ, ಅವಳ ಹಿಂದೆ ಮ್ಯಾನೇಜರರೂ ಬಂದರು.

"ಏಳು ತಿಂಗಳ ಹಿಂದೆ ನಿಮ್ಮ ಸೀಟಿನ ಕೆಳಗೆ ಒಂದು ಕಪ್ಪು ಡಬ್ಬಿ ಇಟ್ವಲ್ಲ," ಎಂದಳು ಹುಡುಗಿ, "ಅದು ಡೀಸೆಲ್ ಲೆಕ್ಕಕ್ಕಲ್ಲ ಅಂಕಲ್. ನೀವು ಹೇಗೆ ಓಡಿಸ್ತೀರಿ ಅಂತ ಲಾರಿ ದಿನಾ ನೋಡಿ ಕಲೀತಿತ್ತು. ಚಾಲಕ ಹತ್ತು ನಿಮಿಷ ತಡ ಮಾಡಿದ್ರೆ ತಾನೇ ಹೊರಡ್ಬೇಕು ಅಂತ ಇವತ್ತಿನಿಂದ ಪರೀಕ್ಷೆ."

"ನನಗೆ ಹೇಳ್ಬಾರ್ದಿತ್ತಾ ಸಾರ್?"

"ಹೇಳಿದ್ರೆ ನೀವು ಉಳಿದ ಮೂವರಿಗೆ ಹೇಳ್ತೀರಿ, ಅವ್ರೂ ಹೋಗ್ತಾರೆ," ಎಂದರು ಮ್ಯಾನೇಜರ್. ಅವರು ವಾಲಿದ ಸೀಟನ್ನು ನೋಡಿದರು. "ಅಂದ್ರೆ ದಿನಾ ಇಲ್ಲಿ ನಿದ್ದೆ?"

ಸಾವಧಾನಿ ನೆಲ ನೋಡಿದ. ಆದರೆ ಮ್ಯಾನೇಜರ್ ಬೈಯಲಿಲ್ಲ. ಭುಜದ ಮೇಲೆ ಕೈ ಇಟ್ಟರು. "ಹೋಗ್ಲಿ ಬಿಡಿ. ನಿದ್ದೆ ಬಿಟ್ರೆ ಇದು ಒಂದು ಗೀರೂ ಇಲ್ದೆ ಬಂದಿದೆ. ನಾಳೆಯಿಂದ ನೀವು ಓಡಿಸೋದು ಬೇಡ, ಹೊಸ ಲಾರಿಗಳಿಗೆಲ್ಲ ನೀವೇ ಮೇಷ್ಟ್ರು. ಹತ್ತಿ, ಇವತ್ತು ಇದರ ಜೊತೆ ನಾವೂ ಗೋದಾಮಿಗೆ ಹೋಗೋಣ."

ಮೂವರೂ ಹತ್ತಿದರು. ನಿದ್ದೆಯ ಐವತ್ತನೇ ನಿಮಿಷಕ್ಕೆ ಸೀಟು ತಾನಾಗಿ ನೆಟ್ಟಗಾಗಿ ಸಾವಧಾನಿಯ ಬೆನ್ನು ತಳ್ಳಿತು. ಕಾಣದ ಕೈಗಳು ಸ್ಟೀರಿಂಗ್ ಹಿಡಿದ ಹಾಗೆ ಅದು ತಿರುಗುವುದನ್ನು ನೋಡುತ್ತ ಅವನ ರೋಮ ನಿಮಿರಿತು. ಹೊಂಡದ ಮುಂದೆ ತಾನು ಹಿಡಿಯುವ ಕಡೆಯೇ ಬ್ರೇಕು, ಏರಿನಲ್ಲಿ ತನ್ನದೇ ನಿಟ್ಟುಸಿರಿನಂಥ ಸದ್ದು. ಆದರೂ ಮೇಷ್ಟ್ರು ಎನ್ನುವ ಮಾತು ಎದೆಯಲ್ಲಿ ಬೆಚ್ಚಗಿತ್ತು. ಮನೆಯಲ್ಲಿ ಕೂತ ಏಳೆಂಟು ಜನರಿಗೆ ಇದನ್ನು ಹೇಗೆ ಹೇಳುವುದೆಂದು ಅವನು ಮಾತು ಜೋಡಿಸತೊಡಗಿದ.

ಕವಲು ಬಂತು. ಗೋದಾಮಿಗೆ ಬಲಕ್ಕೆ ಹೋಗಬೇಕು. ಲಾರಿ ಎಡಕ್ಕೆ ದೀಪ ಹಾಕಿತು.

"ಬಲಕ್ಕೆ! ಬಲಕ್ಕೆ!" ಸಾವಧಾನಿ ಸ್ಟೀರಿಂಗಿಗೆ ಜೋತುಬಿದ್ದ.

"ಮುಟ್ಬೇಡಿ ಅಂಕಲ್," ಎಂದು ಹುಡುಗಿ ಅವನ ಕೈ ಬಿಡಿಸಿ ಪರದೆ ನೋಡಿದಳು. "ಇದು ಬುಧವಾರದ ದಾರಿಯಂತೆ. ಎರಡು ತಿಂಗಳಿಂದ ಪ್ರತಿ ಬುಧವಾರ. ಏನು ಕಲ್ತಿದೆ ನೋಡೋಣ."

"ನೋಡೋಣ," ಎಂದರು ಮ್ಯಾನೇಜರ್.

ಲಾರಿ ಎರಡು ತಿರುವು ದಾಟಿ, ಪಳಪಳ ಹೊಳೆಯುವ ನೀಲಿ ಗೇಟಿನ ಮುಂದೆ ವಿನಯದಿಂದ ನಿಂತಿತು. ಅದು ಊರಿನ ಇನ್ನೊಂದು ಕಂಟೇನರ್ ಕಂಪನಿ, ಮ್ಯಾನೇಜರರ ಹಗೆ. ಗಾರ್ಡ್ ಓಡಿಬಂದ.

"ಬನ್ನಿ ಅಣ್ಣಾ! ನಿಮ್ಮ ಅರ್ಜಿ ವಿಷಯ ಸಾಹೇಬ್ರು ಹೇಳಿದ್ದಾರೆ. ಡ್ರೈವರ್ ಬೇಡ್ವಂತೆ. ನಮಗೂ ತಾನೇ ಓಡೋ ಲಾರಿಗಳು ಬರ್ತಿವೆ. ಅವನ್ನ ನೋಡ್ಕೊಳ್ಳೋಕೆ ಒಬ್ಬ ಮ್ಯಾನೇಜರ್ ಇದ್ರೆ ಕಳಿಸಿ ಅಂದ್ರು."

ಮ್ಯಾನೇಜರ್ ಸಾವಧಾನಿಯನ್ನು ನೋಡಿದರು. ಗಾರ್ಡನ್ನು ನೋಡಿದರು. ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು ತಲೆ ಬಾಚಿದರು.

"ಐದು ನಿಮಿಷ ಇಲ್ಲೇ ಇರಿ," ಎಂದು ಇಳಿದು ಒಳಗೆ ಹೋದರು.

ಇಪ್ಪತ್ತೈದು ನಿಮಿಷವಾದರೂ ಬರಲಿಲ್ಲ. ಬಂದದ್ದು ಹುಡುಗಿಯ ಫೋನಿಗೆ ಎರಡು ಸಂದೇಶ. ಅವಳು ಓದಿ ತುಟಿ ಕಚ್ಚಿಕೊಂಡಳು.

"ಸಾರ್ ರಾಜೀನಾಮೆ ಕಳ್ಸಿದ್ದಾರೆ ಅಂಕಲ್."

"ಇನ್ನೊಂದು?"

"ರಾಜೀನಾಮೆಗೆ ಮುಂಚೆ ಅವ್ರು ಸಹಿ ಹಾಕಿದ ಕೊನೇ ಆದೇಶ." ಅವಳು ಮುಖವೆತ್ತಲಿಲ್ಲ. "ಎದುರಾಳಿ ಕಂಪನೀಲಿ ಕೆಲಸ ಕೇಳಿದ ತಪ್ಪಿಗೆ ನಿಮ್ಮನ್ನ ಈ ಕ್ಷಣದಿಂದ ತೆಗೆದಿದ್ದಾರೆ."

ಸಾವಧಾನಿ ಬಾಗಿಲ ಹಿಡಿಗೆ ಕೈ ಹಾಕಿದ.

"ಇಳೀಬೇಡಿ, ಮನೆವರೆಗೆ ಬಿಡ್ತೀನಿ ಅಂಕಲ್," ಎಂದಳು ಹುಡುಗಿ ಮರುಕದಿಂದ. "ದಾರಿ ಕೂಡ ಹೇಳೋದು ಬೇಡ. ಇದಕ್ಕೆ ನಿಮ್ಮ ಮನೆ ಗೊತ್ತಿದೆ."

ಅವಳು ಮಾತು ಮುಗಿಸುವ ಮುಂಚೆಯೇ ಲಾರಿ ತಾನಾಗಿ ಹಿಂದಕ್ಕೆ ಸರಿಯತೊಡಗಿತ್ತು.