ದೊಡ್ಡಮ್ಮನ ಸೀನು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಸೀನು. ಶೂಟಿಂಗಿನ ಸೀನಲ್ಲ, ಮೂಗಿನ ಸೀನು.

ಇಪ್ಪತ್ತೊಂದು ವರ್ಷದಿಂದ ವಾರಕ್ಕೆ ಐದು ಸಂಜೆ ತಪ್ಪದೆ ಬರುತ್ತಿದ್ದ ಧಾರಾವಾಹಿಯಲ್ಲಿ ಆಕೆ ದೊಡ್ಡಮ್ಮನ ಪಾತ್ರಧಾರಿ. ಮೊದಲ ಕಂತಿನಲ್ಲಿ ಹೊಸ ಸೊಸೆಯಾಗಿ ಆ ಬಂಗಲೆಯ ಮೆಟ್ಟಿಲು ಹತ್ತಿದವಳು, ಅಲ್ಲೇ ತಾಯಿಯಾಗಿ, ಅತ್ತೆಯಾಗಿ, ಕೊನೆಗೆ ಇಡೀ ವಂಶಕ್ಕೆ ದೊಡ್ಡಮ್ಮನಾಗಿ ಬೆಳೆದಿದ್ದಳು. ಅಷ್ಟರಲ್ಲಿ ಧಾರಾವಾಹಿಯ ಗಂಡ ಮೂರು ಸಲ ಬದಲಾದ. ಮಗನ ಪಾತ್ರಕ್ಕೆ ನಾಲ್ಕನೆಯ ನಟ ಬಂದ. ಅವನು ತಾಯಿಗಿಂತ ಎರಡೇ ವರ್ಷ ಚಿಕ್ಕವನು. ಬಂಗಲೆಗೆ ಎರಡು ಸಲ ಬೆಂಕಿ ಬಿತ್ತು. ಆಕೆ ಮಾತ್ರ ಕದಲಲಿಲ್ಲ. ಮೂರು ಪುಟದ ಡೈಲಾಗನ್ನು ಒಂದೇ ಉಸಿರಿಗೆ ಹೇಳಿ, ಕೊನೆಯ ಪದದ ಮೇಲೆ ಹುಬ್ಬೇರಿಸಿದರೆ ಎದುರಿಗಿದ್ದವರಿಗೆ ತಮ್ಮ ಸಾಲೇ ಮರೆತುಹೋಗುತ್ತಿತ್ತು. ಬೀದಿಯ ಜನ ಆಕೆಯನ್ನು ಕಂಡರೆ ಮೊದಲು ದೊಡ್ಡಮ್ಮನ ಯೋಗಕ್ಷೇಮ ವಿಚಾರಿಸುತ್ತಿದ್ದರು. ಆಮೇಲೆ, ನೆನಪಾದರೆ, ಆಕೆಯದು.

ಎಂಟು ತಿಂಗಳ ಹಿಂದೆ ಕತೆ ಬರೆಯುವವನು ದೊಡ್ಡಮ್ಮನನ್ನು ಮೆಟ್ಟಿಲ ಮೇಲಿಂದ ಉರುಳಿಸಿ ಕೋಮಾಕ್ಕೆ ಕಳಿಸಿದ. "ಹದಿನೈದೇ ದಿನ ಅಮ್ಮಾ, ಆಮೇಲೆ ಎಬ್ಬಿಸಿಬಿಡ್ತೀನಿ" ಅಂದಿದ್ದ. ಅಂದಿನಿಂದ ಆಕೆ ಬೆಳಿಗ್ಗೆ ಹತ್ತಕ್ಕೆ ಹೋಗಿ ಮಲಗುವುದು, ಸಂಜೆ ಐದಕ್ಕೆ ಎದ್ದು ಮನೆಗೆ ಬರುವುದು. ಒಂದೇ ಒಂದು ಸಾಲು ಮಾತಿಲ್ಲ. ಸೊಸೆಯ ಪಾತ್ರದವಳು ಬಂದು ಪಕ್ಕದಲ್ಲಿ ಅತ್ತು ಹೋಗುತ್ತಿದ್ದಳು, ಮಗ ಬಂದು ಅತ್ತು ಹೋಗುತ್ತಿದ್ದ. ಅವರು ಅಳುವಾಗ ಉಚ್ಚಾರಣೆ ತಪ್ಪಿದರೆ ಮುಚ್ಚಿದ ರೆಪ್ಪೆಯೊಳಗೇ ಆಕೆಯ ಕಣ್ಣು ಕೆಂಪಾಗುತ್ತಿತ್ತು. ಇಷ್ಟು ದಿನ ನಾಲಿಗೆಯಿಂದ ಬದುಕಿದವಳನ್ನು ದಿಂಬಿಗೆ ಜೋಡಿಯಾಗಿ ಮಲಗಿಸಿದರೆ ಹೇಗಾಗಬೇಡ?

ಹೀಗಿರುವಾಗ ಒಂದು ದಿನ ಯಾರೋ ಆಸ್ಪತ್ರೆಯ ಸೆಟ್ಟಿಗೆ ಸೆಂಟ್ ಹೊಡೆದರು. ಸೊಸೆ ಅಳುತ್ತಿದ್ದಾಗ ಆಕೆ ಫಟ್ಟನೆ ಸೀನಿದಳು. ನಿರ್ದೇಶಕ ನೋಡಲಿಲ್ಲ, ಎಡಿಟರ್ ನೋಡಲಿಲ್ಲ. ಎಂಟು ತಿಂಗಳಲ್ಲಿ ಎಲ್ಲರಿಗೂ ಮಂಚದ ಕಡೆ ನೋಡುವ ಅಭ್ಯಾಸವೇ ತಪ್ಪಿತ್ತು. ಕಂತು ಹಾಗೇ ಪ್ರಸಾರವಾಯಿತು. ನೋಡುವವರು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರು.

ಮರುದಿನ ಬೆಳಿಗ್ಗೆ ಆರೂವರೆಗೇ ಬಾಗಿಲು ಬಡಿದದ್ದು ಕೆಳಮನೆಯ ನರ್ಸಮ್ಮ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಿಯಾದವಳು. ಈಗ ನೋಡಿಕೊಳ್ಳಲು ಪೇಷೆಂಟುಗಳಿಲ್ಲದೆ ಇಡೀ ಕಟ್ಟಡವನ್ನೇ ವಾರ್ಡ್ ಮಾಡಿಕೊಂಡಿದ್ದಳು.

"ನಿನ್ನೆ ಎಂಟು ಗಂಟೆ ಹದಿನೇಳು ನಿಮಿಷಕ್ಕೆ ದೊಡ್ಡಮ್ಮ ಸೀನಿದ್ರು" ಅಂದಳು, ಡ್ಯೂಟಿ ಬದಲಾಗುವಾಗ ವರದಿ ಒಪ್ಪಿಸುವ ಧಾಟಿಯಲ್ಲಿ.

"ಸೀನಿದ್ದು ನಾನು ನರ್ಸಮ್ಮ. ಯಾರೋ ಸೆಂಟ್ ಹೊಡೆದಿದ್ರು."

"ನೀವು ಸೀನಿ, ಬೇಡ ಅಂದೋರ್ಯಾರು? ದೊಡ್ಡಮ್ಮ ಸೀನಬಾರದಿತ್ತು. ಅಷ್ಟು ಆಳದ ಕೋಮಾದಲ್ಲಿ ಇರೋರು ಹಂಗೆಲ್ಲ ಸೀನಲ್ಲ. ಒಂದೋ ಅವರಿಗೆ ಎಚ್ಚರ ಆಗ್ತಿದೆ, ಇಲ್ಲಾ ಬೇರೆ ಏನೋ ನಡೀತಿದೆ."

ಅಷ್ಟರಲ್ಲಿ ಮೇಲ್ಮನೆಯ ಟೈಲರ್ ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡೇ ಇಳಿದು ಬಂದ. "ನನ್ನನ್ನ ಕೇಳಿದ್ರೆ ಕೋಮಾನೇ ಸುಳ್ಳು ಕಣ್ರೀ. ಸೊಸೆ ಏನೇನು ಮಾಡ್ತಾಳೆ ನೋಡೋಣ ಅಂತ ದೊಡ್ಡಮ್ಮ ಬೇಕಂತಲೇ ಮಲಗಿದಾರೆ." ಹಾಲಿನವನಿಗೆ ಅದು ಒಪ್ಪಿಗೆಯಾಗಲಿಲ್ಲ. ಮೆಟ್ಟಿಲಲ್ಲಿ ವಾದಕ್ಕೆ ವಾದ ಹತ್ತಿಕೊಂಡು, ಏಳೂವರೆಯ ಹೊತ್ತಿಗೆ ಕಟ್ಟಡ ಎರಡು ಪಕ್ಷವಾಯಿತು. ಹಾಲು ಯಾರ ಮನೆಗೂ ಹೋಗಲಿಲ್ಲ.

ಆಕೆಯ ಗಂಡ ಗಡಿಯಾರ ರಿಪೇರಿ ಮಾಡುವವನು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇನ್ನೊಂದರಿಂದ ಹೆಂಡತಿಯನ್ನು ನೋಡಿ ಹೇಳಿದ: "ಏಳೋದಾದ್ರೆ ಇದೇ ಒಳ್ಳೆ ಹೊತ್ತು ಕಣೇ. ಊರೆಲ್ಲ ಕಾಯ್ತಿದೆ."

ಆಕೆಗೂ ಅದೇ ಹೊಳೆದಿತ್ತು. ಸೀನಿದವಳು ಏಳಲೇಬೇಕು, ಎದ್ದವಳು ಮಾತಾಡಲೇಬೇಕು. ಬಸ್ಸಿನಲ್ಲಿ ಕೂತು ಆಕೆ ಗಂಟಲು ಸರಿಮಾಡಿಕೊಂಡ ರೀತಿಗೆ ಕಂಡಕ್ಟರ್ ಹೆದರಿ ಎರಡು ಸಲ ಟಿಕೆಟ್ ಕೊಟ್ಟ.

ಸ್ಟುಡಿಯೋದಲ್ಲಿ ಕತೆಗಾರ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಚಾನೆಲ್ಲಿಗೆ ರಾತ್ರಿಯಿಂದ ಫೋನುಗಳ ಸುರಿಮಳೆ. ಅವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಸೊಸೆಯ ಪಾತ್ರದವಳು ಕೂತಿದ್ದಳು. ದೊಡ್ಡಮ್ಮ ಬಿದ್ದ ದಿನದಿಂದ ಬಂಗಲೆಯ ಬೀಗದ ಕೈ ಗೊಂಚಲು ಅವಳ ಸೊಂಟದಲ್ಲಿತ್ತು. ಈಗೀಗ ಊಟಕ್ಕೆ ಹೋಗುವಾಗಲೂ ಅವಳು ಅದನ್ನು ಬಿಚ್ಚುತ್ತಿರಲಿಲ್ಲ.

"ಬನ್ನಿ ಅಮ್ಮಾ" ಅಂದ ಕತೆಗಾರ. "ಒಂದು ತೀರ್ಮಾನಕ್ಕೆ ಬಂದಿದೀವಿ. ಸೀನಿದ್ದು ಕೊನೇ ಉಸಿರಿನ ಲಕ್ಷಣ ಅಂತ ಇಟ್ಕೊಂಡಿದೀವಿ. ಇವತ್ತೇ ನಿಮ್ಮನ್ನ ಕಳಿಸಿಬಿಡೋಣ. ಭರ್ಜರಿಯಾಗಿ! ಐದು ಕ್ಯಾಮೆರಾ."

ಆಕೆ ಸ್ವಲ್ಪವೂ ಅಲುಗಾಡಲಿಲ್ಲ. "ನನಗೆ ಮಾತೆಷ್ಟಿದೆ?"

"ಸಾಯೋರಿಗೆ ಮಾತೇನಮ್ಮಾ? ಒಂದು ಬಿಕ್ಕಳಿಕೆ ಇದೆ."

"ಇಪ್ಪತ್ತೊಂದು ವರ್ಷಕ್ಕೆ ಒಂದು ಬಿಕ್ಕಳಿಕೆ!"

"ಬೇಕಾದ್ರೆ ಎರಡು ಹಾಕೋಣ ಬಿಡಿ."

ಸೊಸೆ ಆಕೆಯ ಕೈ ಹಿಡಿದುಕೊಂಡಳು. "ಅತ್ತೇ, ನಿಮ್ಮ ಗಾಂಭೀರ್ಯಕ್ಕೆ ಇದೇ ಒಪ್ಪೋದು. ನಾನು ಮೂರು ಪುಟ ಅಳ್ತೀನಿ. ನಿಮಗೇನೂ ಕಮ್ಮಿ ಮಾಡಲ್ಲ." ಹೇಳುವಾಗ ಸೊಂಟದ ಗೊಂಚಲು ಝಣ್ಣೆಂದಿತು.

ಸುದ್ದಿ ಸೆಟ್ಟಿನ ತುಂಬ ಹರಡಿತು. ಮೇಕಪ್ಪಿನ ಅಕ್ಕ ಆಕೆಯ ಮುಖಕ್ಕೆ ಸಾವಿನ ಕಳೆ ಬಳಿಯುತ್ತ, "ಹದಿನೆಂಟು ವರ್ಷ ಈ ಮುಖಕ್ಕೆ ಬಣ್ಣ ಹಚ್ಚಿದ ಕೈ ಅಮ್ಮಾ ಇದು" ಎಂದು ಗೊಳೋ ಅಂದಳು. ಅವಳ ಕಣ್ಣೀರು ಪೌಡರಿನ ಡಬ್ಬಿಗೆ ಬಿದ್ದು ಸಾವಿನ ಕಳೆ ಮೂರು ಸಲ ಹದಗೆಟ್ಟಿತು. ಲೈಟಿನವರು ಫೋಟೋ ತೆಗೆಸಿಕೊಳ್ಳಲು ಸಾಲು ನಿಂತರು. ಮಗನ ಪಾತ್ರದವನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಅಳುವುದನ್ನು ಅಭ್ಯಾಸ ಮಾಡುತ್ತಿದ್ದ. ಕೆಟ್ಟುನಿಂತ ಸ್ಕೂಟರನ್ನು ಯಾರೋ ಒದ್ದು ಸ್ಟಾರ್ಟ್ ಮಾಡುವಂತೆ ಕೇಳಿಸುತ್ತಿತ್ತು. ಕ್ಯಾಂಟೀನಿನವನು ದೊಡ್ಡ ಕೇಕು ಹಿಡಿದುಕೊಂಡು ಬಂದು ವಿನಯದಿಂದ ಕೇಳಿದ: "ಅಮ್ಮಾ, ಸಾಯೋಕೆ ಮುಂಚೆ ಕಟ್ ಮಾಡ್ತೀರೋ, ಸತ್ತ ಮೇಲೋ?"

"ನೋಡೋಣ, ಅಲ್ಲೇ ಇಟ್ಟಿರು" ಅಂದಳು ಆಕೆ.

ಆಕೆಗೆ ಅಳು ಬರಲಿಲ್ಲ. ಸಿಟ್ಟು ಬಂದಿತ್ತು. ಆ ಸಿಟ್ಟನ್ನು ಹಾಗೇ ಹಲ್ಲಿನಡಿ ಒತ್ತಿಟ್ಟುಕೊಂಡು ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದಳು. ಪರದೆಯ ಹಿಂದೆ ಕೂತವನು ಎದೆಬಡಿತ ತೋರಿಸುವ ಯಂತ್ರದ ಗೆರೆಯನ್ನು ನಿಧಾನಕ್ಕೆ ಇಳಿಸತೊಡಗಿದ. "ಆಕ್ಷನ್" ಅಂದ ನಿರ್ದೇಶಕ.

ಸೊಸೆ ಓಡಿ ಬಂದು ಎದೆಯ ಮೇಲೆ ಬಿದ್ದಳು. ಒಂದನೇ ಪುಟ ಅತ್ತಳು, ಎರಡನೇ ಪುಟ ಅತ್ತಳು. ಆಕೆ ಎರಡೂ ಬಿಕ್ಕಳಿಕೆಯನ್ನು ನ್ಯಾಯವಾಗಿ ಕೊಟ್ಟು ಸುಮ್ಮನಾದಳು. ಮೂರನೇ ಪುಟದಲ್ಲಿ ಸೊಸೆ ಕೈಯೆತ್ತಿ ಚೀರಿದಳು: "ಅತ್ತೇ! ನನ್ನ ಪ್ರಾನ ಕೊಟ್ಟಾದ್ರೂ ನಿಮ್ಮ ಪ್ರಾನ ಉಳಿಸ್ಕೋತಿದ್ದೆ!"

ಯಂತ್ರದ ಗೆರೆ ನೆಟ್ಟಗಾಗುವುದರಲ್ಲಿತ್ತು. ಅಷ್ಟರಲ್ಲಿ ಹೆಣವಾಗಬೇಕಿದ್ದವಳು ಧಡಕ್ಕನೆ ಎದ್ದು ಕೂತಳು.

"ಪ್ರಾನ ಅಲ್ಲ ಕಣೇ, ಪ್ರಾಣ! ಪ್ರಾಣ!"

ಸೊಸೆ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು. ಆಕೆ ಮುಖದ ಆಕ್ಸಿಜನ್ ಮಾಸ್ಕ್ ಕಿತ್ತೆಸೆದು ಕಾಲು ಕೆಳಗಿಟ್ಟಳು. "ಎಂಟು ತಿಂಗಳಿಂದ ಕೇಳಿಸ್ಕೋತಾ ಬಿದ್ದಿದೀನಿ. ನನ್ನ ಬಾಯಿ ಮುಚ್ಚಿದೆ ಅಂತ ಈ ಮನೇಲಿ ಎಲ್ಲರಿಗೂ ನಾಲಿಗೆ ಚಿಗುರಿದೆ ಅಲ್ಲವಾ? ನಾನು ಕಟ್ಟಿದ ಮನೆ ಇದು. ಎರಡು ಸಲ ಸುಟ್ಟಾಗ ಬರಿಗೈಯಲ್ಲಿ ಎತ್ತಿ ನಿಲ್ಲಿಸಿದೀನಿ. ನನ್ನನ್ನ ಕಳಿಸೋಕೆ ನೀವ್ಯಾರು? ತಾ ಇಲ್ಲಿ ಆ ಬೀಗದ ಕೈ!"

ಇದೊಂದೂ ಬರೆದದ್ದಲ್ಲ. ಆದರೂ ಸೊಸೆ ತನಗರಿವಿಲ್ಲದೆಯೇ ಗೊಂಚಲು ಬಿಚ್ಚಿ ಕೊಟ್ಟುಬಿಟ್ಟಳು. ಯಂತ್ರದವನು ಕಂಗಾಲಾಗಿ ಗುಂಡಿ ತಿರುಗಿಸಿದ್ದಕ್ಕೆ ಗೆರೆ ಬೆಟ್ಟದ ಸಾಲಿನಂತೆ ಏರಿತು. ಮಗ ನಿಜವಾಗಿಯೂ ಅತ್ತ, ಈ ಸಲ ಸ್ಕೂಟರಿನ ಸದ್ದಿಲ್ಲದೆ. ನಿರ್ದೇಶಕನಿಗೆ ಕಟ್ ಹೇಳಲು ನೆನಪಾಗಲಿಲ್ಲ. ಹನ್ನೊಂದು ನಿಮಿಷ ಆಕೆ ಮಾತಾಡಿದಳು. ಒಂದು ಪದ ಜಾರಲಿಲ್ಲ, ಒಂದು ಅಕ್ಷರ ತೊದಲಲಿಲ್ಲ. ಕೊನೆಗೆ ಹುಬ್ಬೇರಿಸಿ ನಿಂತಾಗ ಇಡೀ ಸೆಟ್ಟು ಚಪ್ಪಾಳೆಯಿಂದ ಅದುರಿತು.

ಕತೆಗಾರ ಓಡಿ ಬಂದ. "ಅಮ್ಮಾ, ಹೊಟ್ಟೆಗೆ ಹಾಕ್ಕೊಳ್ಳಿ! ನಿಮ್ಮನ್ನ ಸಾಯಿಸೋಕೆ ಹೊರಟಿದ್ದೆನಲ್ಲ! ಇದರ ತುಣುಕು ಇವತ್ತು ಸಂಜೇನೇ ಹಾಕಿಸ್ತೀನಿ."

"ಹಾಕ್ಸು. ಆ ಕೇಕು ತಾರಪ್ಪ ಈಗ" ಅಂದಳು ಆಕೆ.

ಸಂಜೆ ಏಳಕ್ಕೆ ಆಕೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನರ್ಸಮ್ಮ ಟೀವಿಯ ಎದುರಿನ ಕುರ್ಚಿಯಲ್ಲಿ, ಟೈಲರ್ ನೆಲದ ಮೇಲೆ, ಹಾಲಿನವನು ಬಾಗಿಲಲ್ಲಿ. ಗಂಡ ಭೂತಗನ್ನಡಿ ಕೆಳಗಿಟ್ಟು ಎರಡೂ ಕಣ್ಣಿನಿಂದ ನೋಡಲು ಕೂತಿದ್ದ. ಆಕೆ ಎಲ್ಲರ ಹಿಂದೆ, ರಾಣಿಯಂತೆ ನಿಂತಿದ್ದಳು. ತುಣುಕು ಬಂತು. ದೊಡ್ಡಮ್ಮ ಎದ್ದಳು, ಗರ್ಜಿಸಿದಳು, ಬೀಗದ ಕೈ ಕಸಿದಳು.

ಆಕೆ ಚಪ್ಪಾಳೆಗೆ ಕಾದಳು.

"ಇವರು ದೊಡ್ಡಮ್ಮ ಅಲ್ಲ" ಅಂದಳು ನರ್ಸಮ್ಮ.

"ಏನಂದ್ರಿ?"

"ಎಂಟು ತಿಂಗಳು ಮಲಗಿದೋರು ಹಂಗೆ ಧಡಕ್ಕನೆ ಏಳೋಕೆ ಆಗುತ್ತಾ? ಕಾಲಲ್ಲಿ ಶಕ್ತಿ ಎಲ್ಲಿರುತ್ತೆ? ನೀರು ಅಂತ ಒಂದು ಮಾತು ಹೇಳೋಕೆ ಮೂರು ದಿನ ತಿಣುಕ್ತಾರೆ. ಮೂವತ್ತನಾಲ್ಕು ವರ್ಷದಲ್ಲಿ ಇಂಥ ಪೇಷೆಂಟನ್ನ ನಾನು ನೋಡಿಲ್ಲ. ಇವಳ್ಯಾರೋ ಬೇರೆ."

ಟೈಲರ್ ಟೇಪು ಹಿಡಿದು ಟೀವಿಯ ಹತ್ತಿರ ತೆವಳಿದ. "ಹೌದು ಕಣ್ರೀ! ಭುಜ ನೋಡಿ. ದೊಡ್ಡಮ್ಮನ ಭುಜಕ್ಕಿಂತ ಅರ್ಧ ಇಂಚು ಜಾಸ್ತಿ ಇದೆ."

"ಅಯ್ಯೋ, ಅದು ನಾನೇ ಕಣ್ರಪ್ಪಾ!"

"ನೀವು ನೀವೇ, ಯಾರು ಇಲ್ಲ ಅಂದ್ರು?" ಅಂದಳು ನರ್ಸಮ್ಮ, ಜ್ವರದವರನ್ನು ಸಮಾಧಾನ ಮಾಡುವ ದನಿಯಲ್ಲಿ. "ಅವಳು ಯಾರು ಅನ್ನೋದು ಪ್ರಶ್ನೆ." ಬೆಳಿಗ್ಗೆ ಎರಡಾಗಿದ್ದ ಕಟ್ಟಡ ಈಗ ಒಂದಾಗಿ, ಎಲ್ಲರೂ ಮೊಬೈಲು ತೆಗೆದು ಚಾನೆಲ್ಲಿಗೆ ಬರೆಯತೊಡಗಿದರು.

ಅರ್ಧ ಗಂಟೆಯಲ್ಲಿ ಕತೆಗಾರನ ಫೋನು ಬಂತು. ಸಂತೋಷಕ್ಕೆ ಅವನಿಗೆ ಉಸಿರೇ ಸಿಗುತ್ತಿರಲಿಲ್ಲ. "ಅಮ್ಮಾ, ಜನ ಹುಚ್ಚೆದ್ದು ಬರೀತಿದಾರೆ! ನಮಗೇ ಹೊಳೆದಿರಲಿಲ್ಲ ನೋಡಿ. ನೀವು ದೊಡ್ಡಮ್ಮ ಅಲ್ವಂತೆ! ಅವರ ಹಾಗೇ ಇರೋ ಒಬ್ಬ ವಂಚಕಿ. ಆಸ್ತಿ ಹೊಡೆಯೋಕೆ ಬಂದಿದೀರಿ. ಅಸಲಿ ದೊಡ್ಡಮ್ಮ ಪಕ್ಕದ ವಾರ್ಡಲ್ಲಿ ಇನ್ನೂ ಕೋಮಾದಲ್ಲೇ ಇದಾರೆ."

"ಆ ವಾರ್ಡಲ್ಲಿ ಮಲಗೋದ್ಯಾರು?"

"ಮೇಕಪ್ಪಿನ ಅಕ್ಕ ಒಪ್ಕೊಂಡಾಯ್ತು. ಮಾಸ್ಕ್ ಹಾಕಿದ ಮೇಲೆ ಯಾರಾದ್ರೇನು? ಇನ್ನು ಎರಡು ವರ್ಷಕ್ಕೆ ಯೋಚನೆ ಇಲ್ಲ!"

"ಮತ್ತೆ ನಾನು?"

"ನಿಮ್ಮನ್ನ ಶುಕ್ರವಾರ ಪೊಲೀಸ್ನೋರು ಹಿಡೀತಾರೆ."

ಆಕೆ ಬೆನ್ನು ನೆಟ್ಟಗೆ ಮಾಡಿಕೊಂಡಳು. ಕಟಕಟೆಯೆಂದರೆ ಸಾಮಾನ್ಯವೇ? ಇಡೀ ಕೋರ್ಟೇ ನಡುಗುವಂತೆ ಮಾಡಬಹುದು. "ಸರಿ ಬಿಡು. ಕೋರ್ಟಲ್ಲಿ ನಂದು ಎಷ್ಟು ಪುಟ?"

"ಮಾತೆಲ್ಲ ಲಾಯರ್‌ಗೆ ಬರೆದಿದೀನಿ ಅಮ್ಮಾ. ನೀವು ತಲೆ ತಗ್ಗಿಸಿ ನಿಂತ್ರೆ ಸಾಕು. ಅಲ್ಲಿಂದ ಸೀದಾ ಜೈಲು. ಅಲ್ಲಿಗೆ ನಿಮ್ಮದು ಮುಗೀತು."

ಆಕೆ ಫೋನು ಕೆಳಗಿಟ್ಟಳು. ಇಪ್ಪತ್ತು ಜೊತೆ ಕಣ್ಣುಗಳು ತನ್ನನ್ನೇ ನೋಡುತ್ತಿದ್ದವು.

"ಆ ಹೆಂಗಸನ್ನ ಶುಕ್ರವಾರ ಹಿಡೀತಾರಂತೆ" ಅಂದಳು. "ದೊಡ್ಡಮ್ಮ ಬದುಕಿದಾರೆ."

ಮನೆಯ ಸೂರು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಟೈಲರ್ ಹಾಲಿನವನನ್ನು ತಬ್ಬಿಕೊಂಡ. ನರ್ಸಮ್ಮ ಕಣ್ಣೊರೆಸಿಕೊಂಡು ಬಂದು ಆಕೆಯ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಬಾಯಲ್ಲಿ ಎಂಥ ಒಳ್ಳೆ ಸುದ್ದಿ ಕೇಳಿದೆ! ಇಪ್ಪತ್ತೊಂದು ವರ್ಷದಿಂದ ನಮ್ಮನೆಯೋರಿದ್ದ ಹಾಗೆ ಅವರು. ಅವರಿಲ್ಲದೆ ನಾವು ಹೆಂಗಿರೋದು ಹೇಳಿ?" ಆಮೇಲೆ ಆಕೆಯ ಮುಖವನ್ನು ದೀಪದ ಕಡೆಗೆ ತಿರುಗಿಸಿ, ರೆಪ್ಪೆ ಎತ್ತಿ ನೋಡಿ, ಬೇಸರದಿಂದ ತಲೆಯಾಡಿಸಿದಳು. "ಅಲ್ಲಾ, ಎಲ್ಲರೂ ಇಷ್ಟು ಖುಷಿಯಾಗಿದ್ರೆ ನೀವ್ಯಾಕೆ ಮುಖ ಸಣ್ಣಗೆ ಮಾಡ್ಕೊಂಡಿದೀರಿ? ನಿಮಗೇನಾಯ್ತು ಈಗ?"